ಬಂಡೆಯ ಉಸಿರು, ಮುಚ್ಚಿದ ಕಿಟಕಿ

ಕೊಳವೆಬಾವಿ ನೀರಿನ ಗಡಸುತನ ತಿಳಿಯಲು ವಿಜಯನಗರ, ಬಸವೇಶ್ವರನಗರದವರಿಗೆ ಪ್ರಯೋಗಾಲಯ ಬೇಕಿಲ್ಲ. ಬಕೆಟ್ಟಿನ ಅಂಚಿಗೆ ಕೂತ ಬಿಳಿ ಕಲೆ, ಗೀಸರಿನ ಕಾಯಿಲ್‌ಗೆ ಕಟ್ಟಿದ ಸುಣ್ಣ, ಎಷ್ಟು ಉಜ್ಜಿದರೂ ನೊರೆ ಬಾರದ ಸೋಪು ಎಲ್ಲವನ್ನೂ ಹೇಳಿಬಿಡುತ್ತವೆ. ಅದೇ ನೀರಿನಲ್ಲಿ ಕಲೆಯನ್ನೂ ಬಿಡದ, ರುಚಿಯನ್ನೂ ಕೆಡಿಸದ ಇನ್ನೊಂದು ವಸ್ತು ಇದೆ ಎಂದು ತಿಳಿಸುವ ಪ್ರಬಂಧವೊಂದು 2010ರಲ್ಲಿ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಟಿ.ಎಂ. ಹುನ್ಸೆ, ಕೆ.ಎಂ. ನಜೀಬ್ ಮತ್ತು ಸಂಗಡಿಗರು ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲದಲ್ಲಿ ರೇಡಾನ್ ಅನಿಲವನ್ನು ಅಳೆದಿದ್ದರು. ಸಿಕ್ಕ ಅಂಕಿಗಳಲ್ಲಿ ಕನಿಷ್ಠ ಲೀಟರಿಗೆ 55.96 ಬೆಕೆರೆಲ್, ಗರಿಷ್ಠ 1189.30 ಬೆಕೆರೆಲ್. ಹೋಲಿಕೆಗೆ ಅವರು ಇಟ್ಟುಕೊಂಡ ಮಿತಿ 11.83. ಅತಿ ಕಡಿಮೆ ಇದ್ದ ಕಡೆಯಲ್ಲೂ ಮಿತಿಯ ನಾಲ್ಕೈದು ಪಟ್ಟು, ಹೆಚ್ಚಿದ್ದ ಕಡೆ ನೂರು ಪಟ್ಟು.

ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಒಂದು ಲೀಟರ್ ನೀರಿನಲ್ಲಿ ಪ್ರತಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಪರಮಾಣುಗಳು ಒಡೆಯುತ್ತಿವೆ ಎಂದರೆ ಎದೆ ಝಲ್ಲೆನ್ನುವುದು ಸಹಜವೇ. ಆದರೆ ನಮ್ಮ ನಿಮ್ಮ ಮೈಯಲ್ಲಿರುವ ಪೊಟ್ಯಾಸಿಯಂ ಒಂದರಿಂದಲೇ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಪರಮಾಣುಗಳು ಒಡೆಯುತ್ತಲೇ ಇರುತ್ತವೆ. ಆ ಮಿತಿಯ ಕಥೆಯೂ ಸ್ವಲ್ಪ ಸಡಿಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಲೀಟರಿಗೆ ಸುಮಾರು 11 ಬೆಕೆರೆಲ್ ಎಂಬ ಮಿತಿಯನ್ನು ಮುಂದಿಟ್ಟಿತು, ಜಾರಿಗೆ ಮಾತ್ರ ತರಲಿಲ್ಲ. ಐರೋಪ್ಯ ಒಕ್ಕೂಟದ 2013ರ ನಿರ್ದೇಶನ 100 ಬೆಕೆರೆಲ್‌ವರೆಗೆ ತಲೆಕೆಡಿಸಿಕೊಳ್ಳುವುದಿಲ್ಲ. 1000 ದಾಟಿದರೆ ಮಾತ್ರ ಮರುಮಾತಿಲ್ಲದೆ ಸರಿಪಡಿಸಬೇಕು ಎನ್ನುತ್ತದೆ. ನಮ್ಮ ಊರಿನ ಗರಿಷ್ಠ ಅಂಕಿ ಆ ಗೆರೆಯನ್ನೂ ದಾಟಿದೆ. ಹಾಗಾಗಿ ವಿಷಯವನ್ನು ತಳ್ಳಿಹಾಕುವಂತೆಯೂ ಇಲ್ಲ, ಬಾಯಿ ಬಡಿದುಕೊಳ್ಳುವಂತೆಯೂ ಇಲ್ಲ.

ಇಷ್ಟಕ್ಕೂ ನೀರು ಕುಡಿಯುವುದರಲ್ಲಿ ದೊಡ್ಡ ಅಪಾಯವಿಲ್ಲ. ರೇಡಾನ್ ಉಸಿರಾಟದ ವೈರಿ. ನೀರಿನೊಂದಿಗೆ ಮನೆಯೊಳಗೆ ಬಂದು ಗಾಳಿಗೆ ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ ನೆಲದ ಬಿರುಕುಗಳಿಂದ ನೇರವಾಗಿ ನುಸುಳುತ್ತದೆ. ಅಪಾಯವಾಗುವುದು ಒಳಗೆ ಬಂದದ್ದು ಹೊರಗೆ ಹೋಗದಿದ್ದಾಗ. ಪಶ್ಚಿಮ ಬೆಂಗಳೂರಿನಲ್ಲಿ ಐವತ್ತು ವರ್ಷಗಳಿಂದ ಏನಾಗುತ್ತ ಬಂದಿದೆ ಎಂದರೆ, ಅದು ಹೊರಗೆ ಹೋಗುವ ದಾರಿಗಳನ್ನು ನಾವೇ ಒಂದೊಂದಾಗಿ ಮುಚ್ಚಿದ್ದೇವೆ.

ಕಾಲಡಿಯ ಕಲ್ಲು

ಬೆಂಗಳೂರು ಕೂತಿರುವುದು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಪೆನಿನ್ಸುಲಾರ್ ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನ ಗುಡ್ಡದ ಮೇಲೆ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಅದೇ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವೂ ಅಲ್ಲಿದೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಬಿಡದಿಯ ಕಡೆ ಹೋಗುತ್ತಿದ್ದಂತೆ ಇನ್ನೊಂದು ಕಲ್ಲು ಎದುರಾಗುತ್ತದೆ. ಸುಮಾರು 250 ಕೋಟಿ ವರ್ಷ ಹಿಂದೆ ನೈಸ್ ಶಿಲೆಯನ್ನು ಸೀಳಿಕೊಂಡು ಮೇಲೆದ್ದ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ನೆನಪಿಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಹೆಸರು ಬದಲಿಸಿಕೊಂಡರೂ ಕಲ್ಲಿಗೆ ಅದೇ ಉಳಿಯಿತು. ‘ಶೋಲೆ’ಯ ಗಬ್ಬರ್ ಸಿಂಗ್ ಓಡಾಡಿದ ಗುಡ್ಡಗಳು, ಮಾಗಡಿ ಬಳಿಯ ಸಾವನದುರ್ಗ ಎಲ್ಲ ಇದರದ್ದೇ ಕುಟುಂಬ. ಅಲ್ಲಿಂದ ಬಳ್ಳಾರಿ ಕಡೆಗೆ ನಾನೂರು ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಹಬ್ಬಿದೆ.

ಗ್ರಾನೈಟಿನಲ್ಲಿ ಯುರೇನಿಯಂ ಉಳಿದ ಕಲ್ಲುಗಳಿಗಿಂತ ತುಸು ಹೆಚ್ಚು. ಹೆಚ್ಚು ಎಂದರೆ ಹತ್ತು ಲಕ್ಷದಲ್ಲಿ ನಾಲ್ಕೈದು ಭಾಗ. ಗಣಿ ತೋಡುವವರು ತಿರುಗಿಯೂ ನೋಡದಷ್ಟು. ಆದರೆ ಆ ನಾಲ್ಕೈದು ಭಾಗ ಕೋಟ್ಯಂತರ ವರ್ಷಗಳಿಂದ ಸುಮ್ಮನಿಲ್ಲ. ಯುರೇನಿಯಂ ಒಡೆದು ಒಡೆದು ರೇಡಿಯಂ ಆಗುತ್ತದೆ, ರೇಡಿಯಂ ಒಡೆದರೆ ರೇಡಾನ್. ಈ ಸರಪಳಿಯಲ್ಲಿ ಅನಿಲ ರೂಪದ್ದು ಇದೊಂದೇ. ಅಪ್ಪ ಅಜ್ಜಂದಿರೆಲ್ಲ ಕಲ್ಲಿನಲ್ಲೇ ಸಿಕ್ಕಿಕೊಂಡಿದ್ದರೆ ಇದು ಮಾತ್ರ ಬಿರುಕು ಸಿಕ್ಕರೆ ಸಾಕು, ಹೊರಟುಬಿಡುತ್ತದೆ. ಅರ್ಧಾಯು 3.8 ದಿನ. ಅಷ್ಟರೊಳಗೆ ಮಣ್ಣಿನ ರಂಧ್ರಗಳಿಂದ ಮೇಲೆ ಬಂದರೆ ಗಾಳಿಗೆ ಸೇರುತ್ತದೆ. ಬಿರುಕಿನಲ್ಲಿ ನೀರು ಸಿಕ್ಕರೆ ನೀರಿನಲ್ಲಿ ಕರಗುತ್ತದೆ. ನಾವು ಬೋರು ಕೊರೆಸುವುದು ಸರಿಯಾಗಿ ಅಂಥ ಬಿರುಕುಗಳನ್ನು ಹುಡುಕಿಕೊಂಡೇ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಹುಡುಕುವುದೂ ಅದನ್ನೇ, ಯಂತ್ರ ಹಿಡಿದು ಬರುವವರು ಹುಡುಕುವುದೂ ಅದನ್ನೇ. ಸಾವಿರ ಅಡಿಯ ಕೆಳಗೆ ಗಾಳಿಯ ಸೋಂಕಿಲ್ಲದೆ ಬಂಡೆಯ ಸಂದಿನಲ್ಲಿ ಕೂತ ನೀರಿಗೆ ರೇಡಾನ್ ಕಳೆದುಕೊಳ್ಳಲು ದಾರಿಯೇ ಇರುವುದಿಲ್ಲ.

ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ ಬರುತ್ತಿದ್ದ ನೀರಿನಲ್ಲಾಗಲಿ, ಕಾವೇರಿ ನೀರಿನಲ್ಲಾಗಲಿ ಈ ತೊಂದರೆ ಇಲ್ಲ. ಬಯಲಿನಲ್ಲಿ ಹರಿದು, ಕೆರೆಯಲ್ಲಿ ನಿಂತು ಬರುವ ನೀರು ತನ್ನ ರೇಡಾನನ್ನು ಆಕಾಶಕ್ಕೆ ಒಪ್ಪಿಸಿಯೇ ಬಂದಿರುತ್ತದೆ. ರಾಜಾಜಿನಗರದ ಹಳೆಯ ಬ್ಲಾಕುಗಳಲ್ಲಿ ನಲ್ಲಿಗೆ ಕಾವೇರಿ, ಪಾತ್ರೆ ಬಟ್ಟೆಗೆ ಬೋರು ಎಂಬ ಹೊಂದಾಣಿಕೆ ಇದೆ. ಕೆಂಗೇರಿಯಿಂದಾಚೆ, ಉಲ್ಲಾಳು, ರಾಮಸಂದ್ರ, ಕೊಮ್ಮಘಟ್ಟದ ಹೊಸ ಬಡಾವಣೆಗಳಲ್ಲಿ ಬಹುಕಾಲ ಬೋರೇ ಗತಿಯಾಗಿತ್ತು, ಅದು ಬತ್ತಿದರೆ ಟ್ಯಾಂಕರು. ಟ್ಯಾಂಕರಿನದ್ದೂ ಯಾರದೋ ಬೋರಿನ ನೀರೇ, ಆದರೆ ಕುಲುಕಿಕೊಂಡು, ಎರಡು ಸಲ ಸುರಿದು ಬರುವುದರಿಂದ ರೇಡಾನ್ ಮಟ್ಟಿಗೆ ಅದೇ ವಾಸಿ! ದುಡ್ಡು ಕೊಟ್ಟು ಬೈದುಕೊಳ್ಳುವ ಟ್ಯಾಂಕರಿಗೆ ಸಲ್ಲಬೇಕಾದ ಒಂದೇ ಒಂದು ಹೊಗಳಿಕೆ ಇದು.

ಶ್ವಾಸಕೋಶದಲ್ಲಿ ಏನಾಗುತ್ತದೆ

ರೇಡಾನ್ ತಾನಾಗಿ ಸೋಮಾರಿ ಅನಿಲ. ಯಾವುದರ ಜತೆಗೂ ಸೇರುವುದಿಲ್ಲ. ಉಸಿರಿನೊಂದಿಗೆ ಒಳಗೆ ಹೋಗಿ ಬಹುಪಾಲು ಹಾಗೇ ವಾಪಸು ಬರುತ್ತದೆ. ಅದರ ಸಂತತಿಯ ಸ್ವಭಾವ ಬೇರೆ. ರೇಡಾನ್ ಒಡೆದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್ ಘನವಸ್ತುಗಳು. ಹುಟ್ಟಿದ ಕೂಡಲೇ ಧೂಳಿಗೆ, ಹೊಗೆಯ ಕಣಕ್ಕೆ ಅಂಟಿಕೊಳ್ಳುತ್ತವೆ, ಉಸಿರಿನೊಂದಿಗೆ ಹೋಗಿ ಶ್ವಾಸನಾಳದ ಒದ್ದೆ ಗೋಡೆಗೆ ಕಚ್ಚಿಕೊಳ್ಳುತ್ತವೆ. ಪೊಲೋನಿಯಂ-218ರ ಅರ್ಧಾಯು ಮೂರೇ ನಿಮಿಷ. ಕಫದೊಂದಿಗೆ ಹೊರಬೀಳುವಷ್ಟು ಪುರುಸೊತ್ತಿಲ್ಲದೆ ಅದು ಅಲ್ಲೇ ಒಡೆದು ಆಲ್ಫಾ ಕಣ ಹಾರಿಸುತ್ತದೆ. ಆಲ್ಫಾ ಕಣಕ್ಕೆ ಒಂದು ಕಾಗದದ ಹಾಳೆ ದಾಟುವ ಶಕ್ತಿಯಿಲ್ಲ. ಚರ್ಮದ ಹೊರಗಿದ್ದರೆ ಅದರಿಂದ ಏನೂ ಆಗದು. ಒಳಗಿದ್ದರೆ ಅದರ ಶಕ್ತಿಯೆಲ್ಲ ಪಕ್ಕದ ಕೆಲವೇ ಜೀವಕೋಶಗಳ ಮೇಲೆ ಸುರಿಯುತ್ತದೆ.

ಯುರೋಪಿನ ಶ್ನೀಬರ್ಗ್ ಎಂಬಲ್ಲಿನ ಗಣಿಗಾರರು ಎದೆಯ ರೋಗದಿಂದ ಸಾಯುವುದು ಹದಿನಾರನೇ ಶತಮಾನದಲ್ಲೇ ದಾಖಲಾಗಿತ್ತು. ಅದು ಶ್ವಾಸಕೋಶದ ಗೆಡ್ಡೆ ಎಂದು ಗೊತ್ತಾದದ್ದು 1879ರಲ್ಲಿ. ರೇಡಾನ್ ಎಂಬ ಧಾತು ಪತ್ತೆಯಾದದ್ದು ಇನ್ನೂ ಇಪ್ಪತ್ತು ವರ್ಷ ಕಳೆದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಮನೆಯ ಗಾಳಿಯ ಬಗ್ಗೆ ಹೆಚ್ಚು ನಂಬಬಹುದಾದ ಲೆಕ್ಕ 2005ರಲ್ಲಿ ಬಂತು. ಯುರೋಪಿನ ಹದಿಮೂರು ಅಧ್ಯಯನಗಳನ್ನು ಒಟ್ಟುಗೂಡಿಸಿ ಸಾರಾ ಡಾರ್ಬಿ ಮತ್ತು ಸಂಗಡಿಗರು ತೋರಿಸಿದ್ದು ಇಷ್ಟು: ಮನೆಯ ಗಾಳಿಯ ಪ್ರತಿ ಘನ ಮೀಟರಿಗೆ 100 ಬೆಕೆರೆಲ್ ಏರಿದಂತೆ ಶ್ವಾಸಕೋಶ ಕ್ಯಾನ್ಸರಿನ ಸಂಭವ ಶೇ 16ರಷ್ಟು ಏರುತ್ತದೆ. ಶೇ 16 ಎಂಬುದನ್ನಷ್ಟೇ ಹೇಳಿ ನಿಲ್ಲಿಸಿದರೆ ಅದು ಹೆದರಿಸುವ ವ್ಯಾಪಾರವಾಗುತ್ತದೆ. ಬೀಡಿ ಸಿಗರೇಟು ಮುಟ್ಟದವರಿಗೆ 75 ವರ್ಷದೊಳಗೆ ಈ ಕ್ಯಾನ್ಸರಿನಿಂದ ಸಾಯುವ ಸಂಭವ ರೇಡಾನ್ ಇಲ್ಲದ ಗಾಳಿಯಲ್ಲಿ ಶೇ 0.4, 100 ಬೆಕೆರೆಲ್ ಇದ್ದರೆ ಶೇ 0.5, 400 ಇದ್ದರೆ ಶೇ 0.7. ಸೇದುವವರಿಗೆ ಇದೇ ಸಾಲು 10, 12, 16. ಎರಡನೇ ಸಾಲನ್ನು ಇನ್ನೊಮ್ಮೆ ನೋಡಿ. ಸೇದುವವರ ಮನೆಯಲ್ಲಿ ರೇಡಾನ್ ಅಳೆಯುವ ಉಪಕರಣಕ್ಕಿಂತ ಮೊದಲು ಹೊರಗೆ ಹೋಗಬೇಕಾದ್ದು ಬೀಡಿ ಕಟ್ಟು. ಹೊಗೆಯ ಕಣಗಳೇ ಪೊಲೋನಿಯಂಗೆ ವಾಹನ ಎಂಬುದು ಬೇರೆ. ಊದುಬತ್ತಿ ಹೊಗೆಯ ಬಗ್ಗೆಯೂ ಇದೇ ಮಾತನ್ನು ಮೆಲ್ಲಗೆ ಹೇಳಬೇಕಾಗುತ್ತದೆ, ದೇವರ ಕೋಣೆಗೆ ಕಿಟಕಿ ಇಲ್ಲದಿದ್ದರೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಗಳಿಗೆ ಗೆರೆ ಎಳೆಯಿತು: ಸಾಧ್ಯವಾದರೆ ಘನ ಮೀಟರಿಗೆ 100 ಬೆಕೆರೆಲ್ ಒಳಗೆ, ಏನೇ ಆದರೂ 300 ದಾಟಬಾರದು. ಜಗತ್ತಿನ ಮನೆಗಳ ಸರಾಸರಿ ಸುಮಾರು 40. ಬೆಂಗಳೂರಿನ ಮನೆಗಳ ಪ್ರಕಟಿತ ಸರಾಸರಿಗಳೂ ನೂರರ ಗೆರೆಯ ಕೆಳಗೇ ಇವೆ.

ಜ್ಞಾನಭಾರತಿಯ ಪುಟ್ಟ ಡಬ್ಬಿ

ಅಳತೆ ನಡೆದದ್ದು ನಮ್ಮ ಪಕ್ಕದಲ್ಲೇ. ಮೈಸೂರು ರಸ್ತೆಗೂ ನಾಗರಭಾವಿಗೂ ನಡುವಿನ ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವಿದೆ. ಎಲ್.ಎ. ಸತೀಶ್, ಕೆ. ನಾಗರಾಜ, ಎಸ್. ಸುಂದರೇಶನ್ ಮೊದಲಾದವರು ನಗರದ ಮನೆಗಳ ನೆಲ, ಗೋಡೆ, ಕೋಣೆಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡು ರೇಡಾನ್ ಅಳೆದು 2009ರ ಸುಮಾರಿಗೆ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾಲಯದವರು ಮೈಸೂರಿನ ಸುತ್ತ ಇದೇ ಕೆಲಸ ಮಾಡಿದ್ದಾರೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ರೇಡಾನ್ ಉಪಕರಣಗಳನ್ನು ಪರೀಕ್ಷಿಸಿ ಸರಿಹೊಂದಿಸಲು ಒಂದು ಕೋಣೆಯನ್ನೇ ಕಟ್ಟಿಸಿಟ್ಟಿದ್ದಾರೆ.

ಉಪಕರಣ ಎಂದರೆ ಮಿನುಗುವ ದೀಪ, ಕಿರುಚುವ ಅಲಾರಂ ಏನೂ ಇಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಜೋಡಿ ಲೋಟದ ಪ್ಲಾಸ್ಟಿಕ್ ಡಬ್ಬಿ ಅದು. ಒಳಗೆ ಎಲ್‌ಆರ್-115 ಎಂಬ ಕೆಂಪು ಫಿಲ್ಮಿನ ಚೂರುಗಳು. ಗೋಡೆಯಿಂದ ದೂರಕ್ಕೆ, ಸೂರಿನಿಂದ ದಾರ ಕಟ್ಟಿ ಇಳಿಬಿಟ್ಟು ಮೂರು ತಿಂಗಳು ಮರೆತುಬಿಡಬೇಕು. ಆಲ್ಫಾ ಕಣಗಳು ತಾಕಿದಲ್ಲೆಲ್ಲ ಫಿಲ್ಮಿಗೆ ಕಣ್ಣಿಗೆ ಕಾಣದ ಗಾಯವಾಗಿರುತ್ತದೆ. ಆಮೇಲೆ ಅದನ್ನು 60 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದೂವರೆ ಗಂಟೆ ಅದ್ದಿದರೆ ಗಾಯಗಳು ಕೊರೆದು ತೂತಾಗುತ್ತವೆ. ತೂತು ಎಣಿಸಿದರೆ ಲೆಕ್ಕ ಸಿಕ್ಕಿತು. ಮೂರು ತಿಂಗಳು ಏಕೆಂದರೆ ರೇಡಾನ್ ಗಂಟೆಗೊಂದು ಮಾತು ಆಡುತ್ತದೆ. ಬೆಳಗಿನ ಜಾವ ಗಾಳಿ ನಿಂತಾಗ ನೆಲಮಟ್ಟದಲ್ಲಿ ಏರುತ್ತದೆ, ಬಿಸಿಲೇರಿ ಗಾಳಿ ಕಲಕಿದ ಮೇಲೆ ಇಳಿಯುತ್ತದೆ. ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಒಂದು ದಿನ ಅಳೆದು ತೀರ್ಪು ಕೊಡುವಂತಿಲ್ಲ.

ನೆಲ ಗ್ರಾನೈಟ್ ಆಗಿದ್ದ ಮನೆಗಳಲ್ಲಿ ಮಟ್ಟ ಹೆಚ್ಚಿತ್ತು ಎಂಬುದು ಬೆಂಗಳೂರಿನ ಅಧ್ಯಯನದಲ್ಲಿ ಕಂಡ ಸಂಗತಿಗಳಲ್ಲಿ ಒಂದು. ಹಾಗೆಂದು ಅಡುಗೆಕಟ್ಟೆಯ ಕಪ್ಪು ಕಲ್ಲು ಕಿತ್ತೆಸೆಯುವ ಅಗತ್ಯವಿಲ್ಲ. 2008ರಲ್ಲಿ ಅಮೆರಿಕದಲ್ಲಿ ಗ್ರಾನೈಟ್ ಅಡುಗೆಕಟ್ಟೆಯ ಬಗ್ಗೆ ಭಾರೀ ಗದ್ದಲವೆದ್ದಿತ್ತು. ಅಳೆದು ನೋಡಿದಾಗ ಮನೆಯ ಅಡಿಯ ಮಣ್ಣಿನಿಂದ ಬರುವುದರ ಮುಂದೆ ಕಟ್ಟೆಯ ಪಾಲು ಬಹುತೇಕ ನಗಣ್ಯ ಎನಿಸಿತು. ನುಣುಪು ಮಾಡಿದ ಮುಕ್ಕಾಲು ಇಂಚಿನ ಹಾಸಿಗೂ ಅಡಿಪಾಯದ ಕೆಳಗಿನ ಸಾವಿರಾರು ಟನ್ ಬಂಡೆಗೂ ಎಲ್ಲಿಯ ಹೋಲಿಕೆ?

ಕಿಟಕಿ ಮುಚ್ಚಿದವರು ಯಾರು

ಬೆಂಗಳೂರಿನ ಸರಾಸರಿ ಕಡಿಮೆ ಬರಲು ಕಾರಣ ನಮ್ಮ ಹವೆ. ಚಳಿದೇಶದ ಮನೆಯೊಳಗೆ ಬಿಸಿ, ಹೊರಗೆ ಹಿಮ. ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ, ಅದರ ಜಾಗ ತುಂಬಲು ನೆಲದಡಿಯ ಗಾಳಿಯನ್ನು ಮನೆ ಹೀರಿಕೊಳ್ಳುತ್ತದೆ. ನಮ್ಮಲ್ಲಿ ಒಳಗೂ ಹೊರಗೂ ಅಂಥ ವ್ಯತ್ಯಾಸವಿಲ್ಲ, ಹೀರುವಿಕೆ ಕಡಿಮೆ. ಜತೆಗೆ ಕಿಟಕಿ ತೆರೆದಿಡುವ ಅಭ್ಯಾಸ. 1949ರಲ್ಲಿ ಶುರುವಾದ ರಾಜಾಜಿನಗರದ ಮೊದಲ ತಲೆಮಾರಿನ ಮನೆಗಳಲ್ಲಿ ಕೆಲವು ಇನ್ನೂ ಉಳಿದಿವೆ: ರೆಡ್‌ಆಕ್ಸೈಡ್ ನೆಲ, ಎತ್ತರದ ಸೂರು, ಪ್ರತಿ ಕಿಟಕಿಯ ಮೇಲೂ ಹಗ್ಗ ಎಳೆದು ತೆರೆಯುವ ವೆಂಟಿಲೇಟರ್, ಬಚ್ಚಲಿಗೆ ಬಾಗಿಲೇ ಇಲ್ಲದ ಜಾಲಂಧ್ರ. ಮುಚ್ಚಬೇಕೆಂದರೂ ಮುಚ್ಚಲಾಗದ ಕಿಂಡಿಗಳು. ಅಂಥ ಮನೆಯಲ್ಲಿ ರೇಡಾನ್ ಕೂಡಿಹಾಕುವುದು ಕಷ್ಟ.

ಈಗಿನ ಮೂವತ್ತು-ನಲವತ್ತು ನಿವೇಶನದಲ್ಲಿ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಕಿಟಕಿ ತೆರೆದರೆ ಅವರ ಮಿಕ್ಸಿ, ಅವರ ಧಾರಾವಾಹಿ. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದ ಕಡೆ ಧೂಳು ಮತ್ತು ಲಾರಿ. ಸಂಜೆ ಆರಕ್ಕೆ ಸೊಳ್ಳೆ. ನಾಯಂಡಹಳ್ಳಿಯಿಂದ ಕೆಂಗೇರಿವರೆಗೆ ಇವೆಲ್ಲದರ ಮೇಲೆ ವೃಷಭಾವತಿ. ಒಂದು ಕಾಲಕ್ಕೆ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಜನ ಮೀಯುತ್ತಿದ್ದ ಹೊಳೆ, ಈಗ ಮೂಗು ಮುಚ್ಚಿಸುವ ಮೋರಿ. ದಂಡೆಯ ಉದ್ದಕ್ಕೂ ಸಾವಿರಾರು ಮನೆಗಳು ಆ ನಾತಕ್ಕೆ ಹೆದರಿ ವರ್ಷವಿಡೀ ಕಿಟಕಿ ಮುಚ್ಚಿಕೊಂಡಿವೆ. ಊರಿನ ಹೊಲಸು ತಡೆಯಲು ಕಿಟಕಿ ಮುಚ್ಚಿದವರನ್ನು ‘ಗಾಳಿ ಬಿಡಿ’ ಎಂದು ಗದರುವುದು ನ್ಯಾಯವಲ್ಲ. ಆ ಹೊಳೆ ಶುದ್ಧವಾಗುವುದು ಶ್ವಾಸಕೋಶದ ಆರೋಗ್ಯದ ಪ್ರಶ್ನೆಯೂ ಹೌದು ಎಂದು ಇನ್ನೊಂದು ಕಾರಣ ಸೇರಿಸಬಹುದು, ಅಷ್ಟೆ. ಮರದ ಕಿಟಕಿಯ ಜಾಗಕ್ಕೆ ರಬ್ಬರ್ ಅಂಚಿನ ಯುಪಿವಿಸಿ ಕಿಟಕಿ ಬಂತು, ಮಲಗುವ ಕೋಣೆಗೆ ಏಸಿ ಬಂತು. ಕಿಟಕಿ ಇದ್ದೂ ತೆರೆಯದ ಕೋಣೆಯಲ್ಲಿ ಎಂಟು ಗಂಟೆ ನಿದ್ದೆ.

ಈಗ ಸಂಪಿನ ವಿಷಯ. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಸಂಪಿಗೆ ಬೇರೆ ಜಾಗವಿಲ್ಲದೆ ಹಾಲಿನ ಅಡಿಯಲ್ಲೋ ಅಡುಗೆಮನೆಯ ಅಡಿಯಲ್ಲೋ ಕಟ್ಟಿರುತ್ತಾರೆ. ಮೇಲೆ ಎರಡಡಿ ಚೌಕದ ಕಬ್ಬಿಣದ ಮುಚ್ಚಳ, ಅದರ ಮೇಲೊಂದು ಕಾಲೊರಸು. ಬೋರಿನ ಮೋಟಾರು ಹಾಕಿದಾಗ ನೀರು ಧೋ ಎಂದು ಬೀಳುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಗ್ಯಾಸ್ ನುಗ್ಗಿಬರುವಂತೆ, ಸಾವಿರ ಅಡಿಯ ಒತ್ತಡದಿಂದ ಬಿಡುಗಡೆಯಾದ ನೀರು ತನ್ನ ರೇಡಾನನ್ನು ಬಿಟ್ಟುಕೊಡುವುದು ಅಲ್ಲೇ. ಒಂದು ದೃಷ್ಟಿಯಿಂದ ಸಂಪು ನಮ್ಮ ರಕ್ಷಕ: ಅಲ್ಲಿ ಬೀಳುವಾಗಲೂ, ತಾರಸಿಯ ಟ್ಯಾಂಕಿಗೆ ಏರಿ ಮತ್ತೆ ಬೀಳುವಾಗಲೂ ಅನಿಲ ಹೋಗಿ ನಲ್ಲಿಗೆ ಬರುವ ಹೊತ್ತಿಗೆ ನೀರು ಬಹಳಷ್ಟು ಹಗುರಾಗಿರುತ್ತದೆ. ಸುಮ್ಮನೆ ಒಂದು ದಿನ ನಿಂತದ್ದರಿಂದ ಹೋಗುವುದು ಆರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಈ ಬೀಳುವಿಕೆಯ ಪುಣ್ಯ. ಬಿಟ್ಟ ಅನಿಲ ಹೋಗುವುದೆಲ್ಲಿಗೆ ಎಂಬುದೇ ಪ್ರಶ್ನೆ. ಸಂಪು ಅಂಗಳದಲ್ಲಿದ್ದರೆ ಆಕಾಶಕ್ಕೆ, ಹಾಲಿನಲ್ಲಿದ್ದರೆ ಹಾಲಿಗೆ.

ಬೋರಿನ ನೀರು ಸಂಪು ಟ್ಯಾಂಕುಗಳ ಹಂಗಿಲ್ಲದೆ ನೇರ ಬಚ್ಚಲಿಗೆ ಬರುತ್ತದೆ ಎಂದುಕೊಳ್ಳಿ. ಲೀಟರಿಗೆ ಸಾವಿರ ಬೆಕೆರೆಲ್, ಸ್ನಾನಕ್ಕೆ ನಲವತ್ತು ಲೀಟರ್. ಅರ್ಧ ರೇಡಾನ್ ಗಾಳಿಗೆ ಹಾರಿದರೂ ಇಪ್ಪತ್ತು ಸಾವಿರ ಬೆಕೆರೆಲ್. ಐದಡಿ-ಏಳಡಿಯ ಬಚ್ಚಲು ಸುಮಾರು ಒಂಬತ್ತು ಘನ ಮೀಟರ್. ಘನ ಮೀಟರಿಗೆ ಎರಡು ಸಾವಿರ ದಾಟಿತು! ಆದರೆ ಸ್ನಾನ ಕಾಲು ಗಂಟೆ. ಇಡೀ ದಿನದ ಸರಾಸರಿಗೆ ಹಂಚಿದರೆ ಇಪ್ಪತ್ತರ ಆಸುಪಾಸು. ಪೊಲೋನಿಯಂ ಬೆಳೆಯಲೂ ಹೊತ್ತು ಬೇಕು. ಹಾಗಾಗಿ ಬಚ್ಚಲಿನ ವೆಂಟಿಲೇಟರ್ ತೆರೆದಿದ್ದರೆ ಸಾಕು. ಬಚ್ಚಲಿನ ಗಾಳಿ ಮಲಗುವ ಕೋಣೆಗೆ ಹರಿಯುವ ಅಟ್ಯಾಚ್ಡ್ ವ್ಯವಸ್ಥೆಯಲ್ಲಿ, ವೆಂಟಿಲೇಟರಿಗೆ ಗಾಜು ಅಂಟಿಸಿದ್ದರೆ ಮಾತ್ರ ಯೋಚಿಸಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1999ರಲ್ಲಿ ಆ ದೇಶಕ್ಕೆ ಮಾಡಿದ ಅಂದಾಜಿನಲ್ಲಿ, ನೀರಿನ ರೇಡಾನಿನಿಂದ ವರ್ಷಕ್ಕೆ ಆಗುವ 168 ಸಾವುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಉಸಿರಿಗೆ ಸೇರಿ ಶ್ವಾಸಕೋಶ ಕೆಟ್ಟದ್ದರಿಂದ, ಉಳಿದ ಒಂದೇ ಪಾಲು ಕುಡಿದು ಹೊಟ್ಟೆಗೆ ಹೋದದ್ದರಿಂದ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಮೊದಲು ನೆನಪಾಗಬೇಕಾದವರು ಮನೆಯ ಮಾಲೀಕರಲ್ಲ, ಅಪಾರ್ಟ್‌ಮೆಂಟಿನ ವಾಚ್‌ಮನ್. ಮೇಲಿನ ಮಹಡಿಗಳಿಗೆ ಮಣ್ಣಿನ ರೇಡಾನ್ ಅಷ್ಟಾಗಿ ತಲುಪುವುದಿಲ್ಲ. ನೆಲಮಾಳಿಗೆಯಲ್ಲಿ, ಲಿಫ್ಟ್ ಗುಂಡಿಯ ಪಕ್ಕ, ಮೆಟ್ಟಿಲ ಅಡಿಯಲ್ಲಿ ಎಂಟಡಿ-ಹತ್ತಡಿಯ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವವರು ಅವರು. ಮೂರು ಕಡೆ ಗೋಡೆಯಾಚೆ ಬರೀ ಮಣ್ಣು, ಹೆಚ್ಚಿನ ಕಡೆ ಕಿಟಕಿಯ ಬದಲು ಒಂದು ಕಿಂಡಿ, ಬಾಗಿಲೆದುರೇ ಸಂಪು ಮತ್ತು ಪಂಪ್‌ಸೆಟ್. ರೇಡಾನ್ ಕೂಡಿಬೀಳಲು ಪುಸ್ತಕದಲ್ಲಿ ಏನೇನು ಬೇಕೆಂದು ಬರೆದಿದೆಯೋ ಅದೆಲ್ಲವೂ ಅಲ್ಲಿದೆ. ಸೆಲ್ಲಾರಿನ ಟ್ಯೂಷನ್ ಸೆಂಟರು, ಟೈಲರ್ ಅಂಗಡಿ, ಜಿಮ್ಮುಗಳದ್ದು ಇದೇ ಕಥೆ, ಅಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ ಎಂಬುದೊಂದೇ ಸಮಾಧಾನ. ಸಂಘದ ಮೀಟಿಂಗಿನಲ್ಲಿ ಪೇಂಟು, ಸಿಸಿಟಿವಿಗೆ ಎತ್ತಿಡುವ ದುಡ್ಡಿನಲ್ಲಿ ಆ ಕೋಣೆಗೊಂದು ಗಾಳಿ ಕೊಳವೆ ಕೊಡಿಸಲು ಎಷ್ಟಾಗುತ್ತದೆ?

ಅಮೆರಿಕದಿಂದ ಬಂದ ಹೆಸರು

ಪಶ್ಚಿಮ ಬೆಂಗಳೂರಿನ ಅನೇಕ ಮನೆಗಳಿಗೆ ರೇಡಾನ್ ಎಂಬ ಹೆಸರು ಬಂದದ್ದು ಜ್ಞಾನಭಾರತಿಯಿಂದಲ್ಲ, ಮಕ್ಕಳ ಫೋನಿನಿಂದ. ಓಹಾಯೋದಲ್ಲೋ ಪೆನ್ಸಿಲ್ವೇನಿಯಾದಲ್ಲೋ ಮಗ ಮನೆ ಕೊಳ್ಳುವಾಗ ಇನ್‌ಸ್ಪೆಕ್ಷನ್ ವರದಿಯಲ್ಲಿ ಅದೊಂದು ಸಾಲು ಇರುತ್ತದೆ. ಬೇಸ್‌ಮೆಂಟಿನ ಮೂಲೆಯಲ್ಲಿ ನೆಲದಿಂದ ಎದ್ದ ಬಿಳಿ ಪಿವಿಸಿ ಪೈಪು, ಅದಕ್ಕೆ ಅಂಟಿಸಿದ ಬಣ್ಣದ ದ್ರವದ ಯು ಆಕಾರದ ಕೊಳವೆ. ದ್ರವ ಎರಡು ಕಡೆ ಸಮವಾಗಿದ್ದರೆ, ನೆಲದಡಿಯ ಗಾಳಿಯನ್ನು ಪೈಪಿನಲ್ಲಿ ಹೀರಿ ಹೊರಹಾಕುವ ಮೇಲಿನ ಫ್ಯಾನು ನಿಂತಿದೆ ಎಂದರ್ಥ. ಆರು ತಿಂಗಳ ವೀಸಾದ ಮೇಲೆ ಹೋದ ತಂದೆ ತಾಯಿಗೆ ಹಾಸಿಗೆ ಹಾಕಿಕೊಡುವುದು ಅದೇ ಬೇಸ್‌ಮೆಂಟಿನಲ್ಲಿ.

ಅಲ್ಲಿ ಈ ಎಚ್ಚರ ಮೂಡಿದ್ದು 1984ರ ಡಿಸೆಂಬರಿನಲ್ಲಿ. ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಸ್ಟಾನ್ಲಿ ವಾಟ್ರಸ್ ವಿಕಿರಣ ಪತ್ತೆದ್ವಾರ ದಾಟಿದಾಗಲೆಲ್ಲ ಗಂಟೆ ಬಡಿಯುತ್ತಿತ್ತು. ವಿಚಿತ್ರವೆಂದರೆ ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆಯನ್ನೇ ಆರಂಭಿಸಿರಲಿಲ್ಲ. ವಿಕಿರಣ ಅವರು ಮನೆಯಿಂದ ಬಟ್ಟೆಯಲ್ಲಿ ಹೊತ್ತು ತರುತ್ತಿದ್ದದ್ದು. ಮನೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್! ಅಡಿಯಲ್ಲಿ ಯುರೇನಿಯಂ ಇದ್ದ ಬಂಡೆ. ಪೈಪು ಫ್ಯಾನು ಹಾಕಿ ಸರಿಪಡಿಸಿದ ಮೇಲೆ ಕುಟುಂಬ ಅದೇ ಮನೆಗೆ ಮರಳಿತು. ಈಗ ಅಮೆರಿಕದಲ್ಲಿ 148 ಬೆಕೆರೆಲ್ ದಾಟಿದರೆ ಸರಿಪಡಿಸಿ ಎನ್ನುತ್ತಾರೆ. ಹದಿನೈದು ಮನೆಗಳಲ್ಲಿ ಒಂದು ಆ ಗೆರೆ ದಾಟುತ್ತದೆ ಎಂಬ ಅಂದಾಜಿದೆ. ನಮ್ಮಲ್ಲಿ ಮನೆ ಕೊಳ್ಳುವವರು ಇ.ಸಿ. ನೋಡುತ್ತಾರೆ, ಖಾತೆ ನೋಡುತ್ತಾರೆ, ವಾಸ್ತು ನೋಡುತ್ತಾರೆ. ಗಾಳಿ ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹೋಗುತ್ತದೆ ಎಂದು ವಾಸ್ತುವಿನ ನೆಪದಲ್ಲಾದರೂ ಕೇಳಿದರೆ ಒಳ್ಳೆಯದೇ.

ಮಾಡಬೇಕಾದ್ದು ಏನು

ಎರಡನೇ ಮೂರನೇ ಮಹಡಿಯಲ್ಲಿದ್ದು, ಕಾವೇರಿ ನೀರು ಬಳಸಿ, ಕಿಟಕಿ ತೆರೆಯುವವರು ಈ ಲೇಖನ ಮಡಿಸಿಟ್ಟು ಬೇರೆ ಪುಟಕ್ಕೆ ಹೋಗಬಹುದು. ನೆಲಮಹಡಿಯಲ್ಲಿರುವವರು ಬಿಸಿಲೇರಿದ ಮೇಲೆ ಎದುರುಬದುರು ಎರಡು ಕಿಟಕಿ ತೆರೆದಿಡಲಿ. ಬೆಳಗಿನ ಜಾವಕ್ಕಿಂತ ಹತ್ತು ಗಂಟೆಯ ಗಾಳಿ ವಾಸಿ. ಸೊಳ್ಳೆಗೆ ಜಾಲರಿ ಇದೆ. ಬರೀ ಎಕ್ಸಾಸ್ಟ್ ಫ್ಯಾನು, ಚಿಮಣಿ ಓಡಿಸಿ ಕಿಟಕಿ ಮುಚ್ಚಿಟ್ಟರೆ ಪರಿಣಾಮ ತಿರುಗಾಮುರುಗಾ: ಹೊರಗೆ ಹೋದ ಗಾಳಿಯ ಜಾಗಕ್ಕೆ ನೆಲದಡಿಯದ್ದನ್ನೇ ಎಳೆದುಕೊಳ್ಳುತ್ತದೆ. ಫ್ಯಾನು ಹಾಕಿದಾಗ ಎಲ್ಲಾದರೂ ಒಂದು ಕಿಂಡಿ ತೆರೆದಿರಲಿ. ಗೋಡೆ ನೆಲ ಸೇರುವ ಅಂಚು, ನಹಾನಿ ಟ್ರ್ಯಾಪಿನ ಸುತ್ತಲ ಸಂದು, ಪೈಪು ನೆಲ ತೂರುವ ಜಾಗಗಳಿಗೆ ಸಿಮೆಂಟೋ ಸೀಲಂಟೋ ತುಂಬಿಸುವುದು ಜಿರಳೆಗೂ ಒಳ್ಳೆಯ ಮದ್ದು.

ಸಂಪು ಮನೆಯೊಳಗಿದ್ದರೆ ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿ, ಸಂಪಿನಿಂದ ಎರಡಿಂಚಿನ ಪೈಪೊಂದನ್ನು ಹೊರಗೋಡೆಯಾಚೆ ಮೇಲಕ್ಕೆ ಒಯ್ಯಬೇಕು. ಬೋರಿನ ಪೈಪು ಸಂಪಿನ ನೀರಿನಲ್ಲಿ ಮುಳುಗಿರದೆ ಎತ್ತರದಿಂದ ಚದುರಿ ಬೀಳುವಂತಿರಲಿ. ಕುಡಿಯುವ ನೀರು ಕುದಿಸಿದರೆ ರೇಡಾನ್ ಹಾರಿಹೋಗುತ್ತದೆ, ನೀರಿನಲ್ಲಿ ಯುರೇನಿಯಂ ಕರಗಿದ್ದರೆ ಅದು ಉಳಿಯುತ್ತದೆ. ಆರ್‌ಒ ಯಂತ್ರ ಯುರೇನಿಯಂ ತಡೆಯುತ್ತದೆ, ಅನಿಲವನ್ನು ತಡೆಯುವ ಕೆಲಸ ಅದರದಲ್ಲ. ‘ರೇಡಾನ್ ತೆಗೆಯುತ್ತದೆ’ ಎಂದು ಏರ್ ಪ್ಯೂರಿಫೈಯರ್ ಮಾರಲು ಬಂದರೆ ನಯವಾಗಿ ಕಳಿಸಿಬಿಡಿ. ಅದು ಕಣಗಳನ್ನು ಹಿಡಿಯಬಹುದು, ಅನಿಲ ಹಾಗೇ ಉಳಿದು ಹೊಸ ಕಣಗಳನ್ನು ಹೆರುತ್ತಲೇ ಇರುತ್ತದೆ. ಅಂಗೈಯಗಲದ ಎಲೆಕ್ಟ್ರಾನಿಕ್ ಮಾಪಕಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಅಪಾರ್ಟ್‌ಮೆಂಟಿಗೊಂದು ಕೊಂಡು ಮನೆಮನೆಗೆ ಸರದಿಯಲ್ಲಿ ಇಟ್ಟು ನೋಡಬಹುದು. ಮೊದಲ ಸರದಿ ಯಾರ ಕೋಣೆಯದ್ದಾಗಬೇಕೆಂದು ಮೇಲೆ ಹೇಳಿಯಾಗಿದೆ. ತಿಂಗಳುಗಟ್ಟಲೆ ಇಟ್ಟು ಸರಾಸರಿ ತೆಗೆಯಿರಿ, ಗಂಟೆಗೊಮ್ಮೆ ಇಣುಕಿ ಗಾಬರಿಯಾಗಬೇಡಿ.

ಕೆಂಗೇರಿ, ಉಲ್ಲಾಳಿನ ಕಡೆ ಈಗಷ್ಟೇ ಅಡಿಪಾಯ ತೆಗೆಸುತ್ತಿರುವವರಿಗೆ ಮಾತ್ರ ಸುಲಭದ ಅವಕಾಶವಿದೆ. ಸೈಜುಗಲ್ಲು ಕಟ್ಟಿ, ಮಣ್ಣು ತುಂಬಿಸಿ, ನೀರು ಬಿಟ್ಟು ದಮ್ಮಸು ಮಾಡಿದ ಮೇಲೆ ನೇರ ಕಾಂಕ್ರೀಟು ಹಾಕುವ ಬದಲು ನಾಲ್ಕಿಂಚು ದಪ್ಪ ಜಲ್ಲಿ ಹರಡಿ. ಅದರ ನಡುವೆ ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪು ಮಲಗಿಸಿ, ಒಂದು ತುದಿಯನ್ನು ಗೋಡೆಯ ಮೂಲೆಯಲ್ಲಿ ಮೇಲೆತ್ತಿ. ಜಲ್ಲಿಯ ಮೇಲೆ ದಪ್ಪ ಪಾಲಿಥೀನ್ ಹಾಳೆ, ಅಂಚುಗಳು ಒಂದಡಿ ಒಂದರ ಮೇಲೊಂದು ಬರುವಂತೆ. ಆಮೇಲೆ ಕಾಂಕ್ರೀಟು, ಟೈಲ್ಸು. ಈ ಹಾಳೆ ನೆಲದ ತೇವವನ್ನೂ ತಡೆಯುತ್ತದೆ, ಹಾಗಾಗಿ ರೇಡಾನಿನಲ್ಲಿ ನಂಬಿಕೆ ಇಲ್ಲದವರಿಗೂ ನಷ್ಟವಿಲ್ಲ. ‘ಟಾಯ್ಲೆಟ್ಟೇ ಇಲ್ಲದ ಕಡೆ ವೆಂಟ್ ಪೈಪು ಯಾಕ್ ಸಾರ್?’ ಎಂದು ಮೇಸ್ತ್ರಿ ಕೇಳಿಯೇ ಕೇಳುತ್ತಾನೆ. ಪೈಪನ್ನು ತಾರಸಿಯ ಪ್ಯಾರಾಪೆಟ್ಟಿಗಿಂತ ಮೂರಡಿ ಮೇಲೆ, ನೀರಿನ ಟ್ಯಾಂಕು ಮತ್ತು ಕಿಟಕಿಗಳಿಂದ ದೂರ ಕೊನೆಗೊಳಿಸಲು ಹೇಳಿ. ಬಾಯಿಗೊಂದು ಜಾಲರಿ ಕಟ್ಟಿಸಿ, ಮೇಲೆ ‘ರೇಡಾನ್’ ಎಂದು ಪೇಂಟಿನಲ್ಲಿ ಬರೆಸಿ. ಇಲ್ಲದಿದ್ದರೆ ಮುಂದಿನ ಪ್ಲಂಬರ್ ಬಂದು ವಾಷಿಂಗ್ ಮಷೀನಿನ ನೀರನ್ನು ಅದಕ್ಕೇ ಬಿಟ್ಟು ಹೋಗುತ್ತಾನೆ.